ದುಬೈನ ಆಷಾಢ ಸೇಲ್

ಜುಲೈ ತಿಂಗಳಲ್ಲಿ ದುಬೈನ ನೆಂಟರ ಮನೆಗೆ ಹೋಗಿ ಇಳಿದವರಿಗೆ ಮೊದಲ ಪಾಠ ಬಚ್ಚಲುಮನೆಯಲ್ಲಿ ಆಗುತ್ತದೆ. ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈ ಚುರ್ ಎನ್ನುವ ನೀರು. ತಣ್ಣೀರು ಬೇಕಿದ್ದರೆ ಕೆಂಪು ಗುರುತಿನ ನಲ್ಲಿ ತಿರುಗಿಸಬೇಕು. ಬೇಸಿಗೆ ಏರಿತೆಂದರೆ ಹಳಬರು ಗೀಸರಿನ ಸ್ವಿಚ್ ಆರಿಸಿಬಿಡುತ್ತಾರೆ. ಮಹಡಿಯ ಮೇಲಿನ ಟ್ಯಾಂಕಿನಲ್ಲಿ ಹಗಲೆಲ್ಲ ಕಾದ ನೀರಿಗಿಂತ, ಎಸಿ ಓಡುವ ಮನೆಯೊಳಗೆ ಗೀಸರಿನ ಹೊಟ್ಟೆಯಲ್ಲಿ ರಾತ್ರಿಯಿಡೀ ತಣಿದ ನೀರೇ ಮೈಗೆ ಹಿತ. ಬಿಸಿನೀರಿನ ಯಂತ್ರವೇ ತಣ್ಣೀರಿನ ಹಂಡೆಯಾಗುವ ಊರು ಅದು.

ಇಂಥ ಹೊತ್ತಿನಲ್ಲಿ ಅಲ್ಲಿಗೆ ಪ್ರವಾಸ ಹೋಗುವವರು ಯಾರು? ಲಕ್ಷಗಟ್ಟಲೆ ಜನ ಹೋಗುತ್ತಾರೆ, ಅದೂ ಬೇಕೆಂದೇ.

ಕರ್ನಾಟಕದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ರೇಷ್ಮೆ ಸೀರೆಗೆ ಗಿರಾಕಿಯೂ ಇಲ್ಲ. ಅದಕ್ಕೇ ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ಹುಬ್ಬಳ್ಳಿಯವರೆಗೆ ಬಟ್ಟೆ ಅಂಗಡಿಗಳ ಮುಂದೆ 'ಆಷಾಢ ಸೇಲ್' ಬೋರ್ಡು ತೂಗುತ್ತದೆ. ಯಾರೂ ಬಾರದ ತಿಂಗಳನ್ನು ಅಗ್ಗದ ತಿಂಗಳಾಗಿಸಿ ಜನರನ್ನು ಕರೆಯುವ ಹಳೆಯ ಉಪಾಯ. ಹೆಚ್ಚುಕಡಿಮೆ ಅದೇ ಆಷಾಢದ ಹೊತ್ತಿಗೇ ದುಬೈ ಕೂಡ ಸೇಲ್ ಬೋರ್ಡು ಹಾಕುತ್ತದೆ. ವ್ಯತ್ಯಾಸವಿಷ್ಟೇ: ಇಲ್ಲಿ ಸೇಲಿಗೆ ಇಡುವುದು ಸೀರೆಯನ್ನು, ಅಲ್ಲಿ ಇಡೀ ಊರನ್ನೇ.

ಆ ಸೇಲಿನ ಹೆಸರು 'ದುಬೈ ಸಮ್ಮರ್ ಸರ್‌ಪ್ರೈಸಸ್'. ಚಳಿಗಾಲದ 'ದುಬೈ ಶಾಪಿಂಗ್ ಫೆಸ್ಟಿವಲ್' 1996ರಲ್ಲಿ ಶುರುವಾಗಿ ಗೆದ್ದ ಮೇಲೆ, ಬೇಸಿಗೆಯಲ್ಲಿ ಬಣಗುಡುವ ಅಂಗಡಿ ಮತ್ತು ಹೋಟೆಲುಗಳಿಗೆ ಏನು ಮಾಡುವುದೆಂಬ ಪ್ರಶ್ನೆಗೆ 1998ರಲ್ಲಿ ಸಿಕ್ಕ ಉತ್ತರ ಇದು. ಇದಕ್ಕೊಂದು ಗೊಂಬೆಯೂ ಇದೆ. ಸ್ಪ್ರಿಂಗ್‌ನಂತೆ ಸುರುಳಿ ಮೈಯ, ನಗುವ, ಹಳದಿ ಬಣ್ಣದ 'ಮೊದ್‌ಹೆಶ್'. ಅರಬ್ಬಿಯಲ್ಲಿ ಅದರ ಅರ್ಥ 'ಬೆರಗು ಹುಟ್ಟಿಸುವಂಥದ್ದು'. 2025ರಲ್ಲಿ ಈ ಸೇಲು ಜೂನ್ 27ರಿಂದ ಆಗಸ್ಟ್ 31ರವರೆಗೆ, ಒಟ್ಟು 66 ದಿನ ನಡೆಯಿತು. ಮೊದಲ ಭಾಗದಲ್ಲಿ ರಜೆಯ ಕೊಡುಗೆಗಳು, ನಡುವೆ ದೊಡ್ಡ ರಿಯಾಯಿತಿ ಮಾರಾಟ, ಕೊನೆಗೆ ಶಾಲೆ ಶುರುವಾಗುವ ಮುಂಚಿನ ಬ್ಯಾಗು, ಬೂಟು, ಪುಸ್ತಕಗಳ ಮಾರಾಟ. ಕಾರು, ನಗದು, ಚಿನ್ನದ ಲಕ್ಕಿ ಡ್ರಾಗಳಂತೂ ಇದ್ದೇ ಇರುತ್ತವೆ. ಬಹುಮಾನದ ಆಸೆಗೆ ವಿಮಾನ ಹತ್ತುವುದು ಮಾತ್ರ ಜಾಣತನವಲ್ಲ.

ಮೊದಲು ಹವೆಯ ಮಾತು. ದುಬೈನಲ್ಲಿ ಜುಲೈ, ಆಗಸ್ಟ್ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 45 ಮುಟ್ಟುವ ದಿನಗಳೂ ಅಪರೂಪವಲ್ಲ. ಇಷ್ಟಕ್ಕೇ ರಾಯಚೂರು, ಕಲಬುರಗಿಯವರು ಹೆದರುವುದಿಲ್ಲ. ಮೇ ತಿಂಗಳಲ್ಲಿ ಅವರೂ 42 ಕಂಡವರೇ. ಆದರೆ ಅವರ ಊರಿನದು ಒಣ ಬಿಸಿಲು, ನೆರಳಿಗೆ ಬಂದರೆ ಜೀವ ಬರುತ್ತದೆ. ದುಬೈ ಇರುವುದು ಕಡಲ ಮಗ್ಗುಲಲ್ಲಿ. ಬೇಸಿಗೆಯಲ್ಲಿ ಆ ಕಡಲಿನ ನೀರೇ 32 ಡಿಗ್ರಿಗಿಂತ ಬಿಸಿ. ಕಲಬುರಗಿಯ ಬಿಸಿಲಿಗೆ ಮಂಗಳೂರಿನ ಸೆಕೆ ಕೂಡಿಸಿದರೆ ಅದು ದುಬೈನ ಆಗಸ್ಟ್. ರಾತ್ರಿ ಕೂಡ 30ರ ಕೆಳಗೆ ಇಳಿಯಲು ಹಟ ಮಾಡುತ್ತದೆ. ಹೋಟೆಲಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟ ಕ್ಷಣ ಕನ್ನಡಕದ ಗಾಜು ಮಸುಕಾಗುತ್ತದೆ, ಕ್ಯಾಮೆರಾದ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಫೋಟೊ ತೆಗೆಯುವ ಆಸೆಯುಳ್ಳವರು ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಹೊರಗಿನ ಹವೆಗೆ ಅರ್ಧ ಗಂಟೆ ಹೊಂದಿಕೊಳ್ಳಲು ಬಿಡುವುದು ಮೇಲು.

ಹೀಗಿದ್ದೂ ಹೋಟೆಲುಗಳು ಬಾಗಿಲು ಹಾಕುವುದಿಲ್ಲ, ಹಾಕಲಾಗುವುದೂ ಇಲ್ಲ. 2024ರ ಕೊನೆಗೆ ದುಬೈನಲ್ಲಿ ಸುಮಾರು 1.54 ಲಕ್ಷ ಹೋಟೆಲ್ ಕೊಠಡಿಗಳಿದ್ದವು. ಸೀರೆ ಇಂದು ಮಾರಾಟವಾಗದಿದ್ದರೆ ಶ್ರಾವಣದಲ್ಲಿ ಮಾರಬಹುದು. ಹೋಟೆಲ್ ಕೊಠಡಿ ಹಾಗಲ್ಲ, ಇಂದು ರಾತ್ರಿ ಖಾಲಿ ಉಳಿದರೆ ಆ ರಾತ್ರಿಯ ಆದಾಯ ಹೋದಂತೆಯೇ. ಸಿಬ್ಬಂದಿಗೆ ಸಂಬಳ ಕೊಡಲೇಬೇಕು. ಆ ಸೆಕೆಯಲ್ಲಿ ಎಸಿ ಆರಿಸಿದರೆ ಗೋಡೆ, ಪರದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಖಾಲಿ ಕೊಠಡಿಯನ್ನೂ ತಣ್ಣಗಿಡಬೇಕು. ಖರ್ಚು ಹೇಗೂ ತಪ್ಪದು ಎಂದಾದ ಮೇಲೆ ಬಂದ ಬೆಲೆಗೆ ಕೊಡುವುದೇ ವಾಸಿ. ಡಿಸೆಂಬರಿನಲ್ಲಿ ಮೂರು ನಕ್ಷತ್ರದ ಹೋಟೆಲಿನ ಬಾಗಿಲಲ್ಲಿ ನಿಂತು ಲೆಕ್ಕ ಹಾಕುವ ಮಧ್ಯಮ ವರ್ಗದ ಕುಟುಂಬ ಜುಲೈನಲ್ಲಿ ಐದು ನಕ್ಷತ್ರದ ಹಾಸಿಗೆಯಲ್ಲಿ ಮಲಗುವುದು ಹೀಗೆ.

ಆದರೆ ಜಾಹೀರಾತಿನಲ್ಲಿ ಕಾಣುವ ಬೆಲೆಗೂ ಕೊನೆಯಲ್ಲಿ ಕೈಗೆ ಬರುವ ಬಿಲ್ಲಿಗೂ ನಡುವೆ ಒಂದು ಮೆಟ್ಟಿಲಿದೆ, ಅಲ್ಲಿ ಮುಗ್ಗರಿಸುವವರೇ ಹೆಚ್ಚು. ದರದ ಮುಂದೆ ಎರಡು 'ಪ್ಲಸ್' ಗುರುತು ಕಂಡರೆ ಅದಕ್ಕೆ ತೆರಿಗೆ, ಶುಲ್ಕಗಳು ಇನ್ನೂ ಸೇರಬೇಕಿದೆ ಎಂದರ್ಥ. ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ, ಶೇ 7 ಪುರಸಭೆಯ ಶುಲ್ಕ, 2018ರಿಂದ ಜಾರಿಯಲ್ಲಿರುವ ಶೇ 5 ವ್ಯಾಟ್. ಇವುಗಳ ಮೇಲೆ 2014ರಲ್ಲಿ ಬಂದ 'ಟೂರಿಸಂ ದಿರ್ಹಂ'. ಹೋಟೆಲಿನ ದರ್ಜೆಗೆ ತಕ್ಕಂತೆ ಕೊಠಡಿಗೆ ದಿನಕ್ಕೆ 7ರಿಂದ 20 ದಿರ್ಹಂ. 300 ದಿರ್ಹಂ ಎಂದು ಬುಕ್ ಮಾಡಿದ ನಾಲ್ಕು ನಕ್ಷತ್ರದ ಕೊಠಡಿ ಎಲ್ಲ ಸೇರಿ 380ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ದಿರ್ಹಂಗೆ 24 ರೂಪಾಯಿ ಎಂದು ಹಿಡಿದರೆ, 7,200 ರೂಪಾಯಿ ಎಂದುಕೊಂಡದ್ದು 9,100 ಆಗುತ್ತದೆ. ನಾಲ್ಕು ರಾತ್ರಿಗೆ ಲೆಕ್ಕ ಹಾಕಿದರೆ ಆ ವ್ಯತ್ಯಾಸದಲ್ಲೇ ಮನೆಮಂದಿಯ ಒಂದು ದಿನದ ಸುತ್ತಾಟ ಮುಗಿಯುತ್ತದೆ. ಟೂರಿಸಂ ದಿರ್ಹಂ ತಲೆಗಿಷ್ಟು ಎಂದಲ್ಲ, ಕೊಠಡಿಗಿಷ್ಟು ಎಂಬುದಷ್ಟೇ ಸಮಾಧಾನ. ಅನೇಕ ಬುಕಿಂಗ್ ಆ್ಯಪ್‌ಗಳು ಅದನ್ನು ಒಟ್ಟು ಬೆಲೆಯಲ್ಲಿ ತೋರಿಸದೆ 'ಹೋಟೆಲಿನಲ್ಲಿ ಪಾವತಿಸಿ' ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತವೆ.

ಎರಡನೇ ಮುಗ್ಗರಿಕೆ, 'ರೆಸಿಡೆಂಟ್ ಆಫರ್'. ಬೇಸಿಗೆಯ ಅತ್ಯಂತ ಅಗ್ಗದ ದರಗಳಲ್ಲಿ ಹಲವು ಪ್ರವಾಸಿಗರಿಗಲ್ಲ, ಅಲ್ಲೇ ನೆಲೆಸಿರುವವರಿಗೆ. ಊರು ಬಿಟ್ಟು ಹೋಗಲಾಗದ ಸ್ಥಳೀಯ ಕುಟುಂಬಗಳು ವಾರಾಂತ್ಯಕ್ಕೆ ಪಕ್ಕದ ಬೀದಿಯ ಹೋಟೆಲಿಗೇ ಹೋಗಿ ಎರಡು ರಾತ್ರಿ ಕಳೆಯುವುದುಂಟು. ಅಂಥ ದರಕ್ಕೆ ಬುಕ್ ಮಾಡಿದರೆ ಕೌಂಟರಿನಲ್ಲಿ 'ಎಮಿರೇಟ್ಸ್ ಐಡಿ' ಕೇಳುತ್ತಾರೆ. ಬೆಂಗಳೂರಿನಿಂದ ಬಂದವರ ಬಳಿ ಅದು ಎಲ್ಲಿಂದ ಬರಬೇಕು? ಇದೇ ಕಾರಣಕ್ಕೆ ಶುಕ್ರವಾರ, ಶನಿವಾರದ ರಾತ್ರಿಗಳ ಬೆಲೆ ಬೇಸಿಗೆಯಲ್ಲೂ ಮೇಲಕ್ಕೇಳುತ್ತದೆ. 2022ರ ಜನವರಿಯಿಂದ ಅಲ್ಲಿ ಶನಿವಾರ ಮತ್ತು ಭಾನುವಾರ ವಾರದ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ಭಾನುವಾರ ಇಳಿದು ಗುರುವಾರ ಹೊರಡುವವರ ಜೇಬು ಕಡಿಮೆ ಸುಡುತ್ತದೆ. ಈದ್ ರಜೆಯ ದಿನಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು.

ಬೇಸಿಗೆಗೆ ಹೋಟೆಲ್ ಆರಿಸುವ ಅಳತೆಗೋಲೂ ಬೇರೆ. ಚಳಿಗಾಲದಲ್ಲಿ ಕಡಲಿನ ನೋಟ ಮುಖ್ಯ. ಜುಲೈನಲ್ಲಿ ಕೇಳಬೇಕಾದ ಪ್ರಶ್ನೆ, ಈಜುಕೊಳದ ನೀರನ್ನು ತಂಪು ಮಾಡುತ್ತಾರೆಯೇ ಎಂಬುದು. ಒಳ್ಳೆಯ ಹೋಟೆಲುಗಳು ಬೇಸಿಗೆಯಲ್ಲಿ ಕೊಳದ ನೀರಿಗೂ ಶೀತಲ ಯಂತ್ರ ಹಚ್ಚುತ್ತವೆ. ಇಲ್ಲದಿದ್ದರೆ ಅದು ಕೊಳವಲ್ಲ, ಸಾರಿನ ಪಾತ್ರೆ. ಇನ್ನೊಂದು ಪ್ರಶ್ನೆ, ಮೆಟ್ರೊ ನಿಲ್ದಾಣ ಎಷ್ಟು ದೂರ ಎಂಬುದು. ಭೂಪಟದಲ್ಲಿ ಎಂಟುನೂರು ಮೀಟರ್ ಎಂದರೆ ಏನೂ ಅಲ್ಲ ಅನಿಸುತ್ತದೆ, ಮಧ್ಯಾಹ್ನ ಒಂದು ಗಂಟೆಗೆ ಮಕ್ಕಳ ಕೈ ಹಿಡಿದು ನಡೆದರೆ ಅದೇ ಮೈಲುದ್ದ. ರಾತ್ರಿಯೂಟ ಸೇರಿದ ಪ್ಯಾಕೇಜು ಚಳಿಗಾಲದಲ್ಲಿ ದಂಡ, ಬೇಸಿಗೆಯಲ್ಲಿ ಅನುಕೂಲ. ಸಸ್ಯಾಹಾರಿಗಳಿಗೆ ಅದರಲ್ಲಿ ಏನೇನು ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು ಅಷ್ಟೆ. ಇಡ್ಲಿ, ದೋಸೆ, ಫಿಲ್ಟರ್ ಕಾಫಿಯ ಯೋಚನೆ ಬೇಡ. ಕರಾಮಾ ಮತ್ತು ಬರ್ ದುಬೈನ ಮೀನಾ ಬಜಾರ್ ಸುತ್ತಮುತ್ತ ದಕ್ಷಿಣ ಭಾರತದ ಊಟದ ಹೋಟೆಲುಗಳು ಬೀದಿಗೊಂದರಂತೆ ಇವೆ. ಅಲ್ಲಿ ಕಿವಿಗೊಟ್ಟು ಕೂತರೆ ಪಕ್ಕದ ಮೇಜಿನಿಂದ ತುಳುವೋ, ಭಟ್ಕಳದ ನವಾಯತಿಯೋ ಕೇಳಿಸಬಹುದು.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಹೋದವರೂ ಬೆಚ್ಚಿಬೀಳುವ ಒಂದು ಸಂಗತಿಯಿದೆ. ಫೋಟೊಗಳಲ್ಲಿ ಕಂಡ ದುಬೈನ ಒಂದಷ್ಟು ಭಾಗ ಬೇಸಿಗೆಯಲ್ಲಿ ಇರುವುದೇ ಇಲ್ಲ. ಕೋಟ್ಯಂತರ ಹೂಗಳ 'ಮಿರಾಕಲ್ ಗಾರ್ಡನ್' ಬಾಗಿಲು ಹಾಕಿರುತ್ತದೆ. 'ಗ್ಲೋಬಲ್ ವಿಲೇಜ್' ಅಕ್ಟೋಬರಿನವರೆಗೆ ತೆರೆಯುವುದಿಲ್ಲ. ಸಫಾರಿ ಪಾರ್ಕಿನ ಪ್ರಾಣಿಗಳಿಗೂ ರಜೆ. ಬಿಸಿಗಾಳಿಯ ಬಲೂನುಗಳು ಏರುವುದಿಲ್ಲ. ಮರಳುಗಾಡಿನ ಸಂಜೆ ಸಫಾರಿಯನ್ನು ಕಡಿಮೆ ಬೆಲೆಗೆ ಮಾರುತ್ತಾರೆ ನಿಜ. ಆದರೆ ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಕಾಲಡಿಯ ಮರಳು ತಣಿದಿರುವುದಿಲ್ಲ, ತೆರೆದ ಬಯಲಿನಲ್ಲಿ ಕೂತು ಉಣ್ಣುವಾಗ ಬೆವರು ತಟ್ಟೆಗೇ ಹನಿಯುತ್ತದೆ. ಚಳಿಗಾಲಕ್ಕೆ ಇನ್ನೊಮ್ಮೆ ಬರುವ ಯೋಚನೆಯಿದ್ದರೆ ಮರಳುಗಾಡನ್ನು ಆಗಿನ ಪಾಲಿಗೆ ಬಿಡುವುದೇ ಲೇಸು. ಬುರ್ಜ್ ಖಲೀಫಾದ ಮೇಲಿನ ನೋಟವೂ ಬೇಸಿಗೆಯಲ್ಲಿ ಧೂಳು ಮತ್ತು ಮಬ್ಬಿನಿಂದ ಮಸುಕು. 828 ಮೀಟರಿನ ಗೋಪುರದ 124ನೇ ಮಹಡಿಗೆ ಸೂರ್ಯಾಸ್ತದ ದುಬಾರಿ ಟಿಕೆಟು ಕೊಂಡು ಕಂದು ಬಣ್ಣದ ಮಬ್ಬನ್ನು ನೋಡಿ ಇಳಿಯುವುದಕ್ಕಿಂತ, ಹವೆ ನೋಡಿಕೊಂಡು ರಾತ್ರಿಯ ಟಿಕೆಟು ಕೊಳ್ಳಬಹುದು. ಕತ್ತಲಲ್ಲಿ ಊರಿನ ದೀಪಗಳಾದರೂ ಕಾಣುತ್ತವೆ.

ಹಾಗಾದರೆ ಉಳಿಯುವುದೇನು? ಒಳಾಂಗಣ. ಅದನ್ನು ದುಬೈನಷ್ಟು ದೊಡ್ಡದಾಗಿ ಕಟ್ಟಿಕೊಂಡ ಊರು ಇನ್ನೊಂದಿಲ್ಲ. 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್‌ನೊಳಗೆ ತೆರೆದ 'ಸ್ಕೀ ದುಬೈ'ನಲ್ಲಿ 400 ಮೀಟರ್ ಉದ್ದದ ಹಿಮದ ಇಳಿಜಾರಿದೆ. ಹೊರಗೆ 45, ಒಳಗೆ ಸೊನ್ನೆಗಿಂತ ಕೆಳಗೆ, ನಡುವೆ ಒಂದು ಗೋಡೆ. ಒಳಗೆ ಪೆಂಗ್ವಿನ್‌ಗಳು ಓಡಾಡುತ್ತವೆ. ದುಬೈ ಮಾಲ್‌ನ ಅಕ್ವೇರಿಯಮ್ಮಿನ ತೊಟ್ಟಿ ಒಂದು ಕೋಟಿ ಲೀಟರಿನದು. ಅದರ ಎದುರಿನ ಗಾಜಿನ ಮುಂದೆ ಬಿಟ್ಟಿಯಾಗಿ ನಿಂತು ನೋಡಬಹುದು. ಒಳಗಿನ ಸುರಂಗಕ್ಕೆ ಮಾತ್ರ ಟಿಕೆಟು. ಮೆಟ್ರೊ ನಿಲ್ದಾಣದಿಂದ ಆ ಮಾಲ್‌ಗೆ ಸುಮಾರು 820 ಮೀಟರ್ ಉದ್ದದ ಹವಾನಿಯಂತ್ರಿತ ಸೇತುವೆ ಇದೆ, ಬಿಸಿಲು ಮೈಗೆ ಸೋಕುವುದೇ ಇಲ್ಲ. ಬಸ್ ತಂಗುದಾಣಗಳಲ್ಲೂ ಎಸಿ ಪೆಟ್ಟಿಗೆಗಳು. 2025ರ ಆಗಸ್ಟಿನಲ್ಲಂತೂ 'ಮಾಲಥಾನ್' ಎಂದು ಹೆಸರಿಟ್ಟು, ಬೆಳಿಗ್ಗೆ 7ರಿಂದ 10ರವರೆಗೆ ಮಾಲ್‌ಗಳನ್ನು ವಾಕಿಂಗ್, ಜಾಗಿಂಗ್ ಮಾಡುವವರಿಗೆ ಉಚಿತವಾಗಿ ತೆರೆದಿಟ್ಟರು. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮಾಡಿದವರು ಅಲ್ಲಿ ಚಿನ್ನದಂಗಡಿಗಳ ನಡುವೆ ಬಿರುಸು ನಡಿಗೆ ಹಾಕುವ ಅಜ್ಜಂದಿರನ್ನು ಕಂಡರೆ ನಗು ತಡೆಯಲಾರರು. ಮಾಲ್‌ಗಳಲ್ಲಿ ಕೂತವರಿಗೆ ಬೇಗ ಕಾಡುವುದು ಚಳಿ. ದುಬೈಗೆ ಹೋಗುವಾಗ ಶಾಲು ಒಯ್ಯಬೇಕು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ, ಅಲ್ಲಿಗೆ ಹೋದ ಮೇಲೆ ಎಲ್ಲರೂ ಹುಡುಕುತ್ತಾರೆ.

ಬೇಸಿಗೆಯ ದುಬೈನ ಸುಖ ಸಿಗುವುದು ಗಡಿಯಾರವನ್ನು ತಿರುಗಿಸಿಟ್ಟವರಿಗೆ. ಅಲ್ಲಿನವರು ಬದುಕುವುದೇ ಹಾಗೆ. ಮುಂಜಾನೆ ಬೇಗ ಒಂದಿಷ್ಟು ಸುತ್ತಾಟ, ಹತ್ತು ಗಂಟೆಯ ಹೊತ್ತಿಗೆ ಗೂಡಿಗೆ ವಾಪಸು, ಮಧ್ಯಾಹ್ನ ಮಾಲ್, ಮ್ಯೂಸಿಯಂ ಅಥವಾ ಸೊಗಸಾದ ನಿದ್ದೆ, ಮತ್ತೆ ಏಳು ಗಂಟೆಯ ಮೇಲೆ ಊರು ಕಣ್ಣು ಬಿಡುತ್ತದೆ. ಜುಮೇರಾ ಮತ್ತು ಉಮ್ ಸುಕೀಮ್‌ನಲ್ಲಿ ರಾತ್ರಿ ಈಜಲೆಂದೇ ದೀಪ ಹಾಕಿಸಿದ ಕಡಲತೀರಗಳು 2023ರಿಂದ ಇಪ್ಪತ್ನಾಲ್ಕು ಗಂಟೆಯೂ ತೆರೆದಿವೆ. ಜೀವರಕ್ಷಕರೂ ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಕ್ಕಳು ಮರಳಿನಲ್ಲಿ ಆಡುವುದು ಅಲ್ಲಿ ಮಾಮೂಲು. ಇನ್ನು ದೇರಾ ಮತ್ತು ಬರ್ ದುಬೈ ನಡುವಿನ ಖಾರಿಯನ್ನು ದಾಟುವ 'ಅಬ್ರಾ' ದೋಣಿ. ಒಂದು ದಿರ್ಹಂ ಕೊಟ್ಟು ಮರದ ಹಲಗೆಯ ಮೇಲೆ ಕೂತರೆ ಐದೇ ನಿಮಿಷದ ಪಯಣ. ಕತ್ತಲಾದ ಮೇಲೆ ನೀರಿನ ಮೇಲಿನ ಗಾಳಿಗೆ ಮುಖವೊಡ್ಡಿ, ಮಸೀದಿಯ ಮಿನಾರು ಮತ್ತು ಹಳೆಯ ಪೇಟೆಯ ದೀಪಗಳನ್ನು ನೋಡುತ್ತ ಹೋಗುವ ಆ ಐದು ನಿಮಿಷ ಸಾವಿರ ದಿರ್ಹಂನ ಕ್ರೂಸ್‌ಗಿಂತ ಚೆನ್ನ.

ಬರ್ ದುಬೈ ದಡದಲ್ಲೇ ಎಸಿ ಇಲ್ಲದ ಕಾಲದ ದುಬೈನ ಕುರುಹೂ ಸಿಗುತ್ತದೆ. ಅಲ್ ಫಹೀದಿ ಎಂಬ ಹಳೆಯ ಬಡಾವಣೆ. 19ನೇ ಶತಮಾನದ ಕೊನೆಯಲ್ಲಿ ಇರಾನಿನ ಬಸ್ತಕ್ ಪ್ರದೇಶದಿಂದ ಬಂದ ವ್ಯಾಪಾರಿಗಳು ಹವಳದ ಕಲ್ಲಿನಿಂದ ಕಟ್ಟಿಕೊಂಡ ಮನೆಗಳು. ಹಲವು ಮನೆಗಳ ನೆತ್ತಿಯ ಮೇಲೊಂದು ಚೌಕಾಕಾರದ ಗೋಪುರ, 'ಬರ್ಜೀಲ್'. ನಾಲ್ಕೂ ಕಡೆ ಬಾಯ್ದೆರೆದ ಆ ಗೋಪುರ ಮೇಲೆ ಸುಳಿಯುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಕೋಣೆಯ ಬಿಸಿ ಗಾಳಿಯನ್ನು ಇನ್ನೊಂದು ಮಗ್ಗುಲಿನಿಂದ ಹೊರಕ್ಕೆ ದೂಡುತ್ತದೆ. ಅದರ ಕೆಳಗೆ ನಿಂತರೆ ತಲೆಯ ಮೇಲೆ ಸಣ್ಣಗೆ ಗಾಳಿ ಸುರಿದಂತಾಗುತ್ತದೆ.

ಬರ್ಜೀಲ್ ಕೂಡ ಉಳ್ಳವರ ಸೊತ್ತು. ಉಳಿದವರು ಬೇಸಿಗೆ ಬಂತೆಂದರೆ ಊರನ್ನೇ ಬಿಡುತ್ತಿದ್ದರು. ಹೆಂಗಸರು, ಮಕ್ಕಳು, ಮುದುಕರು ಒಂಟೆ ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಒಳನಾಡಿನ ಖರ್ಜೂರದ ತೋಟಗಳಿಗೆ ಹೋಗಿ, ಗರಿಗಳಿಂದ ಹೆಣೆದ 'ಅರೀಶ್' ಗುಡಿಸಲುಗಳಲ್ಲಿ ಇರುತ್ತಿದ್ದರು. ಗಂಡಸರು ಹೋಗುತ್ತಿದ್ದುದು ಕಡಲಿಗೆ. ಮುತ್ತು ತೆಗೆಯುವ ದೊಡ್ಡ ಹಂಗಾಮು ಇದ್ದದ್ದೇ ಜೂನ್‌ನಿಂದ ಸೆಪ್ಟೆಂಬರಿನವರೆಗೆ. ನೀರು ಬೆಚ್ಚಗಿರುವಾಗ ಮಾತ್ರ ದಿನವಿಡೀ ಮುಳುಗಿ ಏಳಲು ಸಾಧ್ಯ. ಹಾಗೆ ತೆಗೆದ ಮುತ್ತುಗಳು ಮುಂಬೈ ಪೇಟೆಗೆ ಬರುತ್ತಿದ್ದವು. ಭಾರತದ ರೂಪಾಯಿಯೇ ಅಲ್ಲಿನ ಚಲಾವಣೆಯ ಹಣವಾಗಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ 'ಗಲ್ಫ್ ರೂಪಾಯಿ' ಅಚ್ಚು ಹಾಕಿತು. 1966ರಲ್ಲಿ ರೂಪಾಯಿ ಅಪಮೌಲ್ಯವಾದಾಗ ದುಬೈ ಅದನ್ನು ಕೈಬಿಟ್ಟಿತು. ಇಂದಿನ ದಿರ್ಹಂ ಬಂದದ್ದು 1973ರಲ್ಲಿ. 1997ರಿಂದ ಅದನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಆದ್ದರಿಂದ ಡಾಲರಿನ ಎದುರು ರೂಪಾಯಿ ಕುಸಿದ ದಿನ ದುಬೈನ ಇಡ್ಲಿಯೂ ತುಟ್ಟಿ. ಮುತ್ತಿನ ಕಥೆ ಮಾತ್ರ ಇದಕ್ಕೆಲ್ಲ ಬಹಳ ಮುಂಚೆಯೇ ಮುಗಿದಿತ್ತು. 1930ರ ದಶಕದ ಹೊತ್ತಿಗೆ ಜಪಾನಿನಲ್ಲಿ ಕೃಷಿ ಮಾಡಿ ಬೆಳೆದ ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಎರಡೂ ಸೇರಿ ಮುತ್ತಿನ ವ್ಯಾಪಾರವನ್ನು ಮುಳುಗಿಸಿದವು. ಬೇಸಿಗೆಯಲ್ಲಿ ಖಾಲಿಯಾಗುತ್ತಿದ್ದ ಅದೇ ಊರು ಈಗ ಬೇಸಿಗೆಯಲ್ಲೇ ನೆಂಟರನ್ನು ಕರೆಯುತ್ತಿದೆ.

ಊರು ಬಿಡುವ ರೂಢಿ ಪೂರ್ತಿ ಅಳಿದಿಲ್ಲ. ಒಂಟೆಯ ಬದಲು ವಿಮಾನ ಬಂದಿದೆ. ದುಬೈನ ಭಾರತೀಯ ಶಾಲೆಗಳಿಗೆ ಜುಲೈ, ಆಗಸ್ಟ್ ದೊಡ್ಡ ರಜೆ. ಜೂನ್ ಕೊನೆಯ ವಾರ ಕರಾವಳಿಯವರೆಲ್ಲ ಹೆಂಡತಿ ಮಕ್ಕಳ ಸಮೇತ ಊರಿಗೆ ಹೊರಡುತ್ತಾರೆ, ಆಗ ದುಬೈನಿಂದ ಮಂಗಳೂರಿಗೆ ಬರುವ ಟಿಕೆಟ್ ಮುಗಿಲು ಮುಟ್ಟುತ್ತದೆ. ಆಗಸ್ಟ್ ಕೊನೆಯಲ್ಲಿ ಹಿಂದಿರುಗುವಾಗ ಎದುರು ದಿಕ್ಕಿನದೂ ಅಷ್ಟೇ. ಪ್ರವಾಸಿಗನ ಹಾದಿ ಇದಕ್ಕೆ ಉಲ್ಟಾ ಇರಬೇಕು. ಎಲ್ಲರೂ ಬರುವಾಗ ಹೋಗಬೇಕು, ಎಲ್ಲರೂ ಹೋಗುವಾಗ ಬರಬೇಕು. ಜುಲೈ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗಿನ ದಿನಗಳು ಎರಡೂ ಕಡೆಗೆ ಸಲೀಸು. ಕರ್ನಾಟಕದ ಪೋಷಕರಿಗೆ ಒಂದೇ ತೊಡಕು. ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇ ತಿಂಗಳಲ್ಲಿ, ದುಬೈನ ಸೇಲ್ ಶುರುವಾಗುವ ಹೊತ್ತಿಗೆ ಇಲ್ಲಿ ಮಕ್ಕಳು ಸಮವಸ್ತ್ರ ತೊಟ್ಟಿರುತ್ತಾರೆ. ಮೇ ತಿಂಗಳಲ್ಲಿ ಸೇಲ್ ಬೋರ್ಡು ಇರುವುದಿಲ್ಲ. ಹಾಗೆಂದು ಚಳಿಗಾಲದ ದರವೂ ಇರುವುದಿಲ್ಲ, ಸೆಕೆ ತುಸು ಕಡಿಮೆ. ಮಕ್ಕಳಿದ್ದವರಿಗೆ ಅದೇ ನಡುದಾರಿ.

ದುಬೈ ವಿಮಾನ ನಿಲ್ದಾಣದ ಮೂಲಕ 2024ರಲ್ಲಿ ಹಾದುಹೋದವರು 9.23 ಕೋಟಿ. ಅದರಲ್ಲಿ ಭಾರತದ ಪಾಲು ಸುಮಾರು 1.2 ಕೋಟಿ, ಎಲ್ಲ ದೇಶಗಳಿಗಿಂತ ಹೆಚ್ಚು. ಆದರೂ ಭಾರತೀಯ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಮುಂಗಡ ವೀಸಾ ಬೇಕಾಗುತ್ತದೆ. ಪ್ರವಾಸಿ ವೀಸಾ 30 ಅಥವಾ 60 ದಿನದ್ದು. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ಹಿಂದಿರುಗುವ ಟಿಕೆಟು, ತಂಗುವ ಹೋಟೆಲಿನ ದಾಖಲೆ ಕೈಯಲ್ಲಿರಲಿ. ಎಮಿರೇಟ್ಸ್ ವಿಮಾನದಲ್ಲಿ ಹೋದವರು ಬೋರ್ಡಿಂಗ್ ಪಾಸ್ ಎಸೆಯಬಾರದು. ಬೇಸಿಗೆಯಲ್ಲಿ 'ಮೈ ಎಮಿರೇಟ್ಸ್ ಪಾಸ್' ಹೆಸರಿನಲ್ಲಿ ಅದನ್ನು ತೋರಿಸಿದವರಿಗೆ ಅನೇಕ ಊಟದ ಹೋಟೆಲು, ಮನರಂಜನೆಯ ತಾಣಗಳಲ್ಲಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ.

ಸೂಟ್‌ಕೇಸಿನೊಳಗೆ ಏನಿದೆ ಎಂಬುದು ಕನ್ನಡದ ಮನೆಗಳಿಗೆ ಇನ್ನೂ ದೊಡ್ಡ ವಿಷಯ. ಅಲ್ಲಿರುವ ಮಗಳಿಗೆಂದು ತಾಯಿ ಕಟ್ಟುವ ಗಂಟಿನಲ್ಲಿ ಗಸಗಸೆ ಇದ್ದರೆ ಅದನ್ನು ತೆಗೆದಿಡಲೇಬೇಕು. ಗಸಗಸೆ ಬರುವುದು ಅಫೀಮಿನ ಗಿಡದಿಂದ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ನಿಷಿದ್ಧ ವಸ್ತು. ಪಾಯಸಕ್ಕೆ ತಂದದ್ದು ಎಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ, ಎಲೆಯಡಿಕೆಯ ಅಭ್ಯಾಸವಿರುವ ಅಜ್ಜಿಗೆ ಇದನ್ನು ಮೊದಲೇ ತಿಳಿಸಿ ಒಪ್ಪಿಸಬೇಕು. ಒಣ ಕೊಬ್ಬರಿಯ ತಕರಾರು ಇನ್ನೂ ಮುಂಚೆ, ನಮ್ಮ ವಿಮಾನ ನಿಲ್ದಾಣದಲ್ಲೇ ಬರುತ್ತದೆ. ಎಣ್ಣೆಯಂಶದಿಂದ ಬೆಂಕಿ ಹತ್ತುವ ಭಯಕ್ಕೆ ಅದನ್ನು ಚೆಕ್-ಇನ್ ಚೀಲದಲ್ಲಿ ಬಿಡುವುದಿಲ್ಲ. ಔಷಧಿಗಳ ವಿಚಾರ ಇನ್ನೂ ಸೂಕ್ಷ್ಮ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿಯನ್ನು ಮುಂಚಿತವಾಗಿ ಪಡೆದು, ವೈದ್ಯರ ಚೀಟಿಯ ಜೊತೆಗೇ ಒಯ್ಯಬೇಕು.

ಬರುವಾಗಿನ ಚೀಲದಲ್ಲಿ ಚಿನ್ನ. ದೇರಾದ ಗೋಲ್ಡ್ ಸೂಕ್‌ಗೆ ಹೋಗಿ ಬರಿಗೈಯಲ್ಲಿ ಬರುವುದು ಕಷ್ಟವೇ. ಅಲ್ಲಿ ಚಿನ್ನದ ಅಂದಂದಿನ ದರ ಎಲ್ಲ ಅಂಗಡಿಗೂ ಒಂದೇ, ಚೌಕಾಸಿ ಮಾಡಬೇಕಾದದ್ದು ಮಜೂರಿಯ ಮೇಲೆ. ಆದರೆ ಒಂದು ತಪ್ಪು ತಿಳಿವಳಿಕೆ ಮನೆಮನೆಯಲ್ಲೂ ಇದೆ. ಹೆಂಗಸರು 40 ಗ್ರಾಂ, ಗಂಡಸರು 20 ಗ್ರಾಂ ಆಭರಣವನ್ನು ಸುಂಕವಿಲ್ಲದೆ ತರಬಹುದು ಎಂಬ ಮಾತು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವವರಿಗೆ ಅನ್ವಯಿಸುವಂಥದ್ದು. ಐದು ದಿನ ಸುತ್ತಾಡಿ ಬರುವವರಿಗೆ ಅಲ್ಲ. ಜೊತೆಗೆ, 2024ರ ಜುಲೈ ಬಜೆಟ್ಟಿನಲ್ಲಿ ಭಾರತ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ದುಬೈ ಮತ್ತು ಬೆಂಗಳೂರಿನ ದರಗಳ ನಡುವಿನ ಅಂತರವೇ ಕಿರಿದಾಯಿತು. ಬಟ್ಟೆ, ವಾಚು, ಎಲೆಕ್ಟ್ರಾನಿಕ್ ಸಾಮಾನು ಕೊಂಡವರಿಗೆ ಒಂದು ಲಾಭವಿದೆ. ತೆರಿಗೆ ವಾಪಸಾತಿ ವ್ಯವಸ್ಥೆಗೆ ಸೇರಿದ ಅಂಗಡಿಯಲ್ಲಿ 250 ದಿರ್ಹಂ ಮೇಲಿನ ಖರೀದಿಗೆ ಪಾಸ್‌ಪೋರ್ಟ್ ತೋರಿಸಿ ಬಿಲ್ ಮಾಡಿಸಿಕೊಂಡರೆ, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ವ್ಯಾಟ್‌ನ ಶೇ 85ರಷ್ಟು ಹಣ ಸಣ್ಣ ಶುಲ್ಕ ಕಳೆದು ವಾಪಸು ಸಿಗುತ್ತದೆ. ಲಗೇಜು ಒಪ್ಪಿಸುವ ಮೊದಲೇ ಈ ಕೆಲಸ ಮುಗಿಸಬೇಕು.

ಒಂದು ದಿನ ಅಬುಧಾಬಿಗೆ ಮೀಸಲಿಡುವವರು ಬಹಳ. 2024ರ ಫೆಬ್ರುವರಿ 14ರಂದು ಉದ್ಘಾಟನೆಯಾದ ಅಲ್ಲಿನ ಬಿಎಪಿಎಸ್ ಹಿಂದೂ ಮಂದಿರವನ್ನು ರಾಜಸ್ಥಾನದ ಗುಲಾಬಿ ಮರಳುಗಲ್ಲಿನಿಂದ ಕಟ್ಟಲಾಗಿದೆ. ಬರಿಗಾಲಿನಲ್ಲಿ ಬರುವ ಭಕ್ತರ ಪಾದ ಸುಡದಿರಲೆಂದು ಅಂಗಳಕ್ಕೆ ಬಿಸಿಲು ಹೀರದ ಹಾಸು ಹಾಕಿದ್ದಾರೆ. ಸೋಮವಾರ ಮಂದಿರಕ್ಕೆ ರಜೆ. ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಸಮಯವನ್ನು ಮುಂಗಡ ಕಾಯ್ದಿರಿಸಬೇಕು. ಮೈ ತುಂಬ ಮುಚ್ಚುವ ಉಡುಪು ಕಡ್ಡಾಯ, ಹೆಂಗಸರಿಗೆ ತಲೆವಸ್ತ್ರವೂ ಬೇಕು. ದುಬೈನ ಅಲ್ ಘುಬೈಬಾ ಮತ್ತು ಇಬ್ನ್ ಬತೂತಾ ನಿಲ್ದಾಣಗಳಿಂದ ಅಬುಧಾಬಿಗೆ ನೇರ ಬಸ್ಸುಗಳಿವೆ.

ಪ್ರವಾಸಿಗೆ ಬಿಸಿಲು ಒಂದು ರಿಯಾಯಿತಿ. ಎಲ್ಲರಿಗೂ ಹಾಗಲ್ಲ. ಆ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ನೇರ ಬಿಸಿಲಿನಲ್ಲಿ ಕೂಲಿಕಾರರನ್ನು ದುಡಿಸುವಂತಿಲ್ಲ. ಮೀರಿದರೆ ತಲೆಗೆ 5,000 ದಿರ್ಹಂ ದಂಡ. ಎರಡು ದಶಕಗಳಿಂದ ಇರುವ ಈ ನಿಯಮ ಹಗಲಿನ ಎರಡೂವರೆ ಗಂಟೆಯನ್ನಷ್ಟೇ ಕಾಯುತ್ತದೆ. ಬೆಳಗಿನ ಹತ್ತರ ಬಿಸಿಲಿಗಾಗಲಿ ಸಂಜೆ ನಾಲ್ಕರದಕ್ಕಾಗಲಿ ಅದು ಉತ್ತರ ಕೊಡುವುದಿಲ್ಲ. ಹೋಟೆಲಿನ ತಂಪು ಕೋಣೆಗೆ ಮಧ್ಯಾಹ್ನ ಬಿರಿಯಾನಿ ತಲುಪಿಸುವ ಬೈಕಿನ ಹುಡುಗರಿಗಾಗಿ ಊರಿನಲ್ಲಿ 40 ಹವಾನಿಯಂತ್ರಿತ ವಿಶ್ರಾಂತಿ ಕಟ್ಟೆಗಳನ್ನು ಕಟ್ಟಿದ್ದಾರೆ. ಗಾರೆ ಕೆಲಸದವನಿಗೇ ಬೇಡವೆಂದು ಕಾನೂನು ತಡೆದ ಹೊತ್ತಿನಲ್ಲಿ, ತಲೆಗೆ ಟೋಪಿಯೂ ಇಲ್ಲದೆ ಬುರ್ಜ್ ಖಲೀಫಾದ ಮುಂದೆ ಸೆಲ್ಫಿಗೆ ನಿಲ್ಲುವ ಪ್ರವಾಸಿಗರು ಪ್ರತಿ ಬೇಸಿಗೆಯಲ್ಲೂ ಕಾಣಸಿಗುತ್ತಾರೆ.

ಇನ್ನು ಅಲ್ಲಿನವರ ಕನಸಿನ ಬೇಸಿಗೆ ಪ್ರವಾಸ ಎಲ್ಲಿಗೆ ಗೊತ್ತೇ? ಮಳೆಗೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಾರು ಓಡಿಸಿಕೊಂಡು ಒಮಾನಿನ ಸಲಾಲಾಕ್ಕೆ ಹೋಗುತ್ತಾರೆ. ಕರ್ನಾಟಕಕ್ಕೆ ಮುಂಗಾರು ತರುವ ಅದೇ ಮಾರುತದ ಅಂಚು ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಆ ಬೆಟ್ಟಗಳನ್ನು ಸವರಿ ಮಂಜು, ತುಂತುರು ತರುತ್ತದೆ. ಗುಡ್ಡಗಳು ಹಸಿರಾಗುತ್ತವೆ. ಅಲ್ಲಿನವರು ಅದನ್ನು 'ಖರೀಫ್' ಎನ್ನುತ್ತಾರೆ. ನಮ್ಮ ರೈತರಿಗೂ ಅದು ಪರಕೀಯ ಪದವಲ್ಲ. ಕೊಡೆ ಹಿಡಿಯದೆ ಸುಮ್ಮನೆ ತುಂತುರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಅವರನ್ನು ಆಗುಂಬೆಯವರು ನೋಡಬೇಕು.

ಆಗಸ್ಟ್ 24ರ ಆಸುಪಾಸಿನಲ್ಲಿ, ಬೆಳಗಿನ ಜಾವ, ಅರಬ್ಬರು ದಕ್ಷಿಣದ ದಿಗಂತದಲ್ಲಿ 'ಸುಹೈಲ್' ನಕ್ಷತ್ರಕ್ಕಾಗಿ ಕಾಯುತ್ತಾರೆ. ಅದು ಕಂಡಿತೆಂದರೆ ಬೇಸಿಗೆಯ ಬೆನ್ನು ಮುರಿಯಿತು, ಇನ್ನು ರಾತ್ರಿಗಳು ತಣಿಯುತ್ತವೆ ಎಂಬುದು ಮರುಭೂಮಿಯ ತಲೆಮಾರುಗಳ ಲೆಕ್ಕ. ನಮ್ಮ ಪಂಚಾಂಗದವರು ಅದೇ ನಕ್ಷತ್ರವನ್ನು ಅಗಸ್ತ್ಯ ಎನ್ನುತ್ತಾರೆ. ಅಗಸ್ತ್ಯೋದಯವಾದರೆ ಮಳೆಗಾಲದ ಕೆಂಪು ನೀರು ತಿಳಿಯಾಗುತ್ತದೆಂಬ ನಂಬಿಕೆ ಇಲ್ಲಿಯದು. ಸುಹೈಲ್ ಹುಟ್ಟಿದ ಮರುದಿನವೇನೂ ದುಬೈ ತಂಪಾಗುವುದಿಲ್ಲ, ಸೆಪ್ಟೆಂಬರ್ ಪೂರ್ತಿ ಬೆವರಲೇಬೇಕು. ಆದರೆ ಹೋಟೆಲಿನವರ ಕಂಪ್ಯೂಟರಿಗೆ ಆ ಹೊತ್ತಿಗೇ ಚಳಿಗಾಲದ ವಾಸನೆ ಬಡಿದಿರುತ್ತದೆ. ಮೊದ್‌ಹೆಶ್ ಗೊಂಬೆಗಳು ಗೋದಾಮು ಸೇರುತ್ತವೆ. ದಸರಾ ರಜೆಗೆಂದು ಅಕ್ಟೋಬರಿಗೆ ಕೊಠಡಿ ಹುಡುಕುವ ಮೈಸೂರಿನ ಕುಟುಂಬಕ್ಕೆ, ನೆರೆಮನೆಯವರು ಜುಲೈನಲ್ಲಿ ಕೊಟ್ಟೆವೆಂದು ಹೇಳಿದ ಬೆಲೆ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.